ನಲವತ್ತಮೂರನೆಯ ಪುಟದ ಹೆಬ್ಬೆರಳು

ತಾರೀಖಿನ ಮೊಹರು ಈಗ ಬದ್ರಿಯಾ ಮೇಡಮ್ಮಿನ ಮೇಜಿನ ಮೇಲೆ
ಕಾಗದ ಹಾರದಂತೆ ಕೂತಿದೆ.
ಅದರ ರಬ್ಬರಿನ ಹಲ್ಲಿನಲ್ಲಿ ಇನ್ನೂ ಕಚ್ಚಿಕೊಂಡಿರುವುದು
ಯಾವುದೋ ಮಾರ್ಚ್ ಹನ್ನೊಂದು.
ಅಂದು ವಾಪಸು ಬರಬೇಕಿದ್ದ ಪುಸ್ತಕ
ಬಂದವೋ ಇಲ್ಲವೋ, ಕೇಳುವವರಿಲ್ಲ.

ಸೊಹಾರಿನ ಈ ಕಾಲೇಜಿಗೆ ನಾನು ಬಂದಾಗ
ಎರಡನೇ ಮಹಡಿ ಪೂರ್ತಿ ಪುಸ್ತಕ.
ಕಣ್ಣು ಕಟ್ಟಿ ಬಿಟ್ಟರೂ ಹೇಳುತ್ತಿದ್ದೆ:
ಎಡಕ್ಕೆ ಹದಿನಾಲ್ಕು ಹೆಜ್ಜೆ, ನೀರಾವರಿ;
ಏಸಿಯ ನೀರು ತೊಟ್ಟಿಕ್ಕುವಲ್ಲಿ, ಬಾಲ್ದಿಯ ಪಕ್ಕ, ಕಾವ್ಯ;
ಹಳೇ ಗೋಂದಿನ ವಾಸನೆ ಬಂತೋ, ಅದು ಕಾನೂನು.
ಮೂಗೂ ಒಂದು ಕ್ಯಾಟಲಾಗಾಗಿತ್ತು ಆಗ.

ಹೋದ ಬೇಸಿಗೆ ಅವನ್ನೆಲ್ಲ ಬಂದರಿನ ಹತ್ತಿರದ ಗೋದಾಮಿಗೆ ಸಾಗಿಸಿದೆವು,
ಮುನ್ನೂರ ಹನ್ನೆರಡು ಪೆಟ್ಟಿಗೆ.
ಬೇಕೆಂದು ಬರೆದುಕೊಟ್ಟರೆ ಬುಧವಾರ ವ್ಯಾನು ತರುತ್ತದೆ.
ಸೂಡಾನಿನ ತಯ್ಯಿಬ್ ಮೇಷ್ಟ್ರು ಬುಧವಾರ ಬಾಗಿಲಲ್ಲೇ ನಿಲ್ಲುತ್ತಾರೆ
ನೆಂಟರ ಬಸ್ಸಿಗೆ ಕಾದವರ ಹಾಗೆ.
'ಕೇಳಿದ ಪುಸ್ತಕ ಸಿಗುತ್ತದೆ ಹಮ್ಮಬ್ಬ,
ಕೇಳದೆ ಸಿಗುತ್ತಿತ್ತಲ್ಲ, ಅದು ಎಲ್ಲಿ?'
ಅದಕ್ಕೆ ಅರ್ಜಿ ನಮೂನೆ ನಮ್ಮಲ್ಲಿಲ್ಲ.

ಖಾಲಿಯಾದ ಜಾಗದಲ್ಲಿ ಗಾಜಿನ ಕೋಣೆಗಳು,
ಗಾಲಿಯ ಕುರ್ಚಿ, ನೆಲದಿಂದ ಅಣಬೆಯಂತೆ ಎದ್ದ ಪ್ಲಗ್ಗುಗಳು.
ಈಗ ಕಡ ಕೊಡುವುದು ಚಾರ್ಜರು, ಲ್ಯಾಪ್‌ಟಾಪು, ಹೆಡ್‌ಫೋನು;
ಒಮ್ಮೆ, ಸಂದರ್ಶನಕ್ಕೆ ಹೊರಟ ಹುಡುಗನಿಗೆ, ನನ್ನದೇ ಬೆಲ್ಟು.
'ಸದ್ದು ಮಾಡಬೇಡಿ' ಫಲಕ ಬಿಚ್ಚುವಾಗ
ಸ್ಕ್ರೂ ತುಕ್ಕು ಹಿಡಿದಿತ್ತು. ಅರ್ಧ ಗಂಟೆ ಹಿಡಿಯಿತು.
ಸದ್ದೂ ಆಯಿತು, ಬೇಕಾದಷ್ಟು.

ನನಗೀಗ ಟ್ರಾಲಿ ಇಲ್ಲ. ಚಾಟ್ ಇದೆ.
ರಂಜಾನಿನಲ್ಲಿ ತರಾವೀಹ್ ಮುಗಿದ ಮೇಲೆ
ಒಂದೂವರೆವರೆಗೆ ನನ್ನ ಪಾಳಿ.
ಪರದೆಯ ಮೂಲೆಯ ಹಸಿರು ಚುಕ್ಕೆ, ಅದು ನಾನು.
ಉಳ್ಳಾಲದ ಅಳಿವೆಯಲ್ಲಿ ಮರುವಾಯಿ ಹೆಕ್ಕಿದ ಬೆರಳು
ಈಗ ಕೀಲಿಮಣೆಯಲ್ಲಿ ಅಕ್ಷರ ಹೆಕ್ಕುತ್ತದೆ,
ಒಂದು, ಮತ್ತೆ ಒಂದು.

ಅಂಥ ಒಂದು ರಾತ್ರಿ ಷಮ್ಸಾ ಬಂದಳು.
ವಾದಿ ಹೀಬಿಯ ಮೇಲಿನ ಹಳ್ಳಿ; ಕಾಲೇಜಿನ ಬಸ್ಸು
ಅವಳನ್ನು ನಾಲ್ಕಕ್ಕೇ ಹೊತ್ತೊಯ್ಯುತ್ತದೆ.
ಫಲಜ್ ಕಾಲುವೆಯ ನೀರಿನ ಸರದಿಯ ಮೇಲೆ ಪ್ರಬಂಧ.
ಪುಸ್ತಕ ಒಂದೇ ಪ್ರತಿ. ತಯ್ಯಿಬ್ ಮೇಷ್ಟ್ರು ತರಿಸಿದ್ದು,
ಅವರಿಗೆ ಜ್ವರ, ಪುಸ್ತಕ ನನ್ನೆದುರೇ ಇತ್ತು.

'ನೀವು ಯಂತ್ರವೋ, ಮನುಷ್ಯರೋ?'
ಈಚೆಗೆ ಎಲ್ಲರೂ ಮೊದಲು ಇದನ್ನೇ ಕೇಳುತ್ತಾರೆ.
ಮನುಷ್ಯ, ಎಂದು ಹೆಕ್ಕಿದೆ.
'ಯಂತ್ರವೂ ಹಾಗೇ ಹೇಳಬಹುದಲ್ಲ?'
ಸಾಕ್ಷಿ ಏನು ಕೊಡಲಿ?

ಮೂರನೇ ಅಧ್ಯಾಯ, ಇಪ್ಪತ್ತೆಂಟು ಪುಟ.
ಬೆನ್ನು ಬಿಗಿದ ಪುಸ್ತಕ, ಒತ್ತಿ ಹಿಡಿಯದಿದ್ದರೆ
ನಿದ್ದೆಗಣ್ಣಿನ ರೆಪ್ಪೆಯಂತೆ ಮುಚ್ಚಿಕೊಳ್ಳುತ್ತಿತ್ತು.
ಸ್ಕ್ಯಾನರಿನ ಬೆಳಕು ಹಾದುಹೋಯಿತು, ಹಾದುಬಂತು.
ಕಳಿಸಿದೆ.

ಕಾಲು ಗಂಟೆಯ ಮೇಲೆ ಉತ್ತರ:
'ನಲವತ್ತಮೂರನೇ ಪುಟದ ಅಂಚಿನಲ್ಲಿ ಹೆಬ್ಬೆರಳೊಂದಿದೆ.
ಉಗುರು ನಡುವೆ ಸೀಳಿದೆ. ನಿಮ್ಮದೋ?'
ನೋಡಿಕೊಂಡೆ. ನನ್ನದೇ;
ಎಂದೋ ಕಪಾಟಿನ ಸಂದಿಗೆ ಸಿಕ್ಕಿ ಸೀಳಿದ್ದು.
'ಸರಿ ಹಾಗಾದರೆ, ಮನುಷ್ಯರೇ.'

ಬೆರಳಿನಡಿ ಒಂದೂವರೆ ಸಾಲು ಮುಚ್ಚಿಹೋಗಿತ್ತು.
ಮತ್ತೆ ಸ್ಕ್ಯಾನ್ ಮಾಡುತ್ತೇನೆ, ಎಂದೆ.
'ಬೇಡ, ಅಜ್ಜ ಸಹರಿಗೆ ಏಳುತ್ತಾರೆ, ಕೇಳಿಕೊಳ್ಳುತ್ತೇನೆ.'
ಆದರೂ ಪುಸ್ತಕ ತೆರೆದೆ.
ಇಪ್ಪತ್ತೊಂದು ವರ್ಷ ಹೊತ್ತೆ, ಜೋಡಿಸಿದೆ, ಧೂಳು ಹೊಡೆದೆ;
ಹೀಗೆ ನಿಂತು ಓದಿದ್ದು
ಆ ಒಂದೂವರೆ ಸಾಲು:
ಮೇಲಿನ ತೋಟದ ನೀರು ಕೆಳಗಿನ ತೋಟಕ್ಕೆ ತಿರುಗುವುದು
ಯಾವ ನಕ್ಷತ್ರ ಬೆಟ್ಟದ ಹೆಗಲಿಗೆ ಬಂದಾಗ ಎಂದು.
ಹೆಕ್ಕಿ ಹೆಕ್ಕಿ ಕಳಿಸಿದೆ.

ಪಾಳಿ ಮುಗಿದು, ದೀಪ ಆರಿಸಿ,
ಕಾರ್ನಿಷ್ ದಾಟಿ ರೂಮಿಗೆ ಬಂದು ಅನ್ನಕ್ಕಿಟ್ಟಾಗ
ಫೋನು ಮಿನುಗಿತು:
'ಅಜ್ಜ ಬೇರೆ ನಕ್ಷತ್ರ ಹೇಳುತ್ತಾರೆ.
ಪುಸ್ತಕ ಬರೆದವನು ಆ ವರ್ಷ ನಮ್ಮೂರಿಗೆ ಬಂದಿದ್ದನಂತೆ,
ಬೇಗ ಮಲಗಿಬಿಡುತ್ತಿದ್ದನಂತೆ. ಯಾವುದು ಸರಿ?'

ಕುಕ್ಕರು ಎರಡು ಸಲ ಕೂಗುವವರೆಗೆ ಯೋಚಿಸಿದೆ.
ಎರಡನ್ನೂ ಬರೆ ಮಗಳೇ, ಎಂದು ಹೆಕ್ಕಿದೆ.
ಅಜ್ಜನ ಹೆಸರನ್ನೂ.