ಎರವಲು

ಆರುನೂರ ಹದಿನಾರು ಅಂದರೆ ರೋಗಗಳು.
ಮಂಗಳೂರಲ್ಲಿ ಹದಿನೆಂಟು ವರ್ಷ, ಮಡಿಕೇರಿಯಲ್ಲಿ ಒಂಬತ್ತು,
ಕರೆಂಟು ಹೋದರೂ ಕೈ ಆ ಕಪಾಟಿಗೇ ಹೋಗುತ್ತದೆ.
ಮೆಡಿಕಲ್ ಹುಡುಗರು ಹೃದಯದ ಚಿತ್ರದ ಮೇಲೆ
ಕೆನ್ನೆಯಿಟ್ಟು ನಿದ್ದೆಹೋಗುತ್ತಾರೆ.
ನಾನು ಎಬ್ಬಿಸುವುದಿಲ್ಲ.

ಚೋಮಿ ಬಂದದ್ದು ಒಂದು ಗುರುವಾರ,
ಹೊರರೋಗಿಗಳ ಬಾಗಿಲು ಅಂದುಕೊಂಡು, ದಾರಿ ತಪ್ಪಿ.
ಸೆರಗಿನ ಗಂಟಲ್ಲಿ ಕಾಗದ, ಕೈಯಲ್ಲಿ ಒಂಬತ್ತರ ಮಗ.
ಕಾವಲಿನ ಉತ್ತಯ್ಯ ಹೊಸ್ತಿಲಲ್ಲೇ ತಡೆದ: ಐಡಿ ಎಲ್ಲಿ?
ಅವಳು ಕಾಗದ ತೋರಿಸಿದಳು.
ಕುಡುಗೋಲು ಕಣ ರಕ್ತಹೀನತೆ, ಸೀಲು ಸಮೇತ.

"ಕಾಂಪೌಂಡರು ಓದಿದ. ಕತ್ತಿ ಅಂದ.
ಮಗನ ನೆತ್ತರೊಳಗೆ ಕತ್ತಿ ಯಾರಿಟ್ಟರು ಅಮ್ಮಾ?
ಗದ್ದೆ ಕುಯ್ಯುವವಳು ನಾನು.
ನನ್ನದೇ ಇರಬಹುದಾ?"

ಅಷ್ಟೂ ಪುಸ್ತಕಗಳು
ಬೆನ್ನು ತೋರಿಸಿ ನಿಂತಿದ್ದವು.

ಆಮೇಲೆ ಭಾನುವಾರಗಳು.
ಸಿದ್ದಾಪುರದ ಸಂತೆ, ಒಣಮೀನಿನ ಬುಟ್ಟಿಗಳ ಪಕ್ಕ ಪ್ಲಾಸ್ಟಿಕ್ ಸ್ಟೂಲು,
ಆಸ್ಪತ್ರೆ ಚೀಟಿ ಓದಿ ಹೇಳುತ್ತೇನೆ, ದುಡ್ಡು ಬೇಡ, ಹೆಸರೂ ಬೇಡ.
ಮೊದಲ ವಾರ ಬಂದವರು ಇಬ್ಬರು. ಒಬ್ಬ ಚಿಲ್ಲರೆ ಕೇಳಲು.
ಲೈನ್‌ಮನೆಯ ಅಸ್ಸಾಮಿ ಹುಡುಗ
ಕಫ ಪರೀಕ್ಷೆಯ ಕಾಗದ ತಲೆಕೆಳಗೆ ಹಿಡಿದು ಬಂದ.
ನನ್ನ ಕನ್ನಡವೂ ಅವನಿಗೆ ತಲೆಕೆಳಗೆ.
ಮೀನಿನ ಮೊಯ್ದು ತನ್ನ ಹರುಕು ಹಿಂದಿಯಲ್ಲಿ
ಎರಡನ್ನೂ ನೆಟ್ಟಗೆ ಮಾಡಿದ.

ಕರಪತ್ರ ಬರೆದೆ. ಚೋಮಿಗೆ ಓದಿದೆ.
'ಆನುವಂಶಿಕ' ಅಂದಾಗ ಅವಳು ಎದ್ದುಹೋಗಿ ಎಲೆ ಉಗುಳಿ ಬಂದಳು.
'ಅಪ್ಪ ಅಮ್ಮನಿಂದ ಬಂದದ್ದು' ಅಂದೆ.
"ಬೈದ ಹಾಗಿದೆ."
ಹೊಡೆದೆ, ತಿದ್ದಿದೆ, ಮೂರು ವಾರ.
ಕೊನೆಗೆ ಅವಳೇ ಹೇಳಿದಳು:

ನೆತ್ತರ ಕಾಳು ದುಂಡಗಿರಬೇಕು, ಕಾಫಿ ಹಣ್ಣಿನ ಹಾಗೆ.
ಇವನದು ಬಾಗಿದೆ, ಸಂದಿಯಲ್ಲಿ ಸಿಕ್ಕಿಕೊಂಡು ನೋಯಿಸುತ್ತದೆ.
ನೀರು ಕುಡಿಸಿ, ಚಳಿಗೆ ಬಿಡಬೇಡಿ.
ಯಾರೂ ಇಟ್ಟದ್ದಲ್ಲ.

ಹಾಗೇ ಅಚ್ಚಾಯಿತು.

ಇದರಿಂದ ಗ್ರಂಥಾಲಯದ ಒಳಗೆ ಬಂದವರೆಷ್ಟು, ಡೀನ್ ಕೇಳಿದರು.
ಹೊರಗೆ ಹೋದವಳು ಒಬ್ಬಳು, ಅಂದೆ.
ಅವರು ಅದನ್ನು ಬರೆದುಕೊಳ್ಳಲಿಲ್ಲ.
ಉತ್ತಯ್ಯ ಈಗ ಚೋಮಿಗೆ ಐಡಿ ಕೇಳುವುದಿಲ್ಲ,
ಅವಳ ಮಗನಿಗೆ ಫ್ಯಾನಿನಿಂದ ದೂರದ ಕುರ್ಚಿ ಎಳೆದಿಡುತ್ತಾನೆ.

ನಾಡಿದ್ದು ನಿವೃತ್ತಿ.
ಎರವಲು ಪುಸ್ತಕದ ಲೆಕ್ಕ ಮುಗಿಸಬೇಕು.
"ಎರವಲು ಅನ್ನುವುದರಲ್ಲಿ ನಮ್ಮ ಹೆಸರುಂಟಲ್ಲ" ಎಂದು
ಒಮ್ಮೆ ನಕ್ಕಿದ್ದಳು, ಎರವರ ಚೋಮಿ.
ಕೊನೆಯ ಗೆರೆಯಲ್ಲಿ ಬರೆದೆ.
ಪಡೆದವರು: ದೇಚಮ್ಮ, ಗ್ರಂಥಪಾಲಕಿ.
ಪಡೆದದ್ದು: ನಾಲ್ಕು ಸಾಲು.
ಮರಳಿಸುವ ದಿನಾಂಕದ ಕೆಳಗೆ
ಪೆನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು.