ಭಾಂಡೆ ವಹಿ

ಚಿಟಗುಪ್ಪದಾಗ ಯಾರ ಮನ್ಯಾಗ ಏನ್ ನಡದದ ಅಂತ
ಮೊದಲು ನನಗ ಗೊತ್ತಾಗ್ತದ.
ಲಗ್ನ ಗಟ್ಟಿಯಾದ್ರ ಅಯ್ಯನವರ ಕಡಿ ಆಮ್ಯಾಲ,
ಮುಂದಾಗಿ ನಮ್ಮ ಅಂಗಡಿಗಿ.
"ನಂಬರ್ ಮೂರು ನಮಗೇ ಇಡ್ರಿ ವೈನಿ, ಅದರ ಅಡಿ ದಪ್ಪ ಅದ."
"ಹೋದ್ ಸಲದ ಸವಟು ನಮ್ಮಲ್ಲಿಲ್ರಿ, ದೇವ್ರಾಣಿ."

ಡೇಗ ಹತ್ತೊಂಬತ್ತು, ಕಡಾಯಿ ಆರು, ಪರಾತ ಮೂವತ್ತು,
ಝಾರಾ ಹನ್ನೆರಡು. ವಹಿಯಾಗ ಮಾತ್ರ ಹದಿನಾಕು.
ಎಲ್ಲಾದರ ಕಿವಿ ಮ್ಯಾಲ ಮಾವ ಉಳಿಲೆ ಹೊಡದ ಹೆಸರು:
ಘಾ. ಮಾ.
ಘಾಳೆಪ್ಪ ಮಾಣಿಕಪ್ಪ.
ಅಷ್ಟೇ ಅಕ್ಷರ ಬರ್ತಿದ್ದವು ಅವಗ.
ಉಳದದ್ದೆಲ್ಲಾ ಮೂಗು.

ತೊಳದು ತಂದ ಡೇಗಿನ್ಯಾಗ ತಲಿ ಇಟ್ಟು
ಒಂದು ಉಸಿರು ಎಳದು ಹೇಳ್ತಿದ್ದ:
"ಪಠಾಣ ಗಲ್ಲಿ. ದಾಲ್ಚಾ. ಹುಣಸಿ ಹಳೇದು."
"ಪ್ರಭುದಾಸ ಮಾಸ್ತರ ಮನಿ. ಚಹಾ ಕಾಸ್ಯಾರ, ಶುಂಠಿ ಕಮ್ಮಿ.
ದುಃಖದ ಮನಿ, ಬಿಡು, ಯಾರ್ ನೋಡ್ತಾರ."
"ಗೋಧಿ ಹುಗ್ಗಿ. ಬೆಲ್ಲ ಉಧಾರಿ ತಂದಾರ ಕಾಣ್ತದ,
ಕೈ ಹಿಡದು ಹಾಕ್ಯಾರ."
ಒಮ್ಮಿ ವಿಠಾಬಾಯಿ, ಮೊಮ್ಮಗನ ತೊಟ್ಟಿಲಕ್ಕಂತ ಒಯ್ದ
ದೊಡ್ಡ ಡೇಗ ತಂದಿಟ್ಟಳು.
ಮೂಸಿದ. ಬಾಡಿಗಿ ಬ್ಯಾಡ ಅಂದ.
ಆಕಿ ಹೋದ ಮ್ಯಾಲ ನನಗ ಹೇಳಿದ:
"ಬರೇ ನೀರು ಕುದಿಸ್ಯಾರವ್ವ. ಓಣಿಯವರಿಗಿ ಹೊಗಿ ಕಾಣ್ಲಂತ."

ಈ ವೈಶಾಖದಾಗ ಒಂದೇ ದಿನಕ್ಕ ಒಂಬತ್ತು ಲಗ್ನ.
ಅಂಗಡಿ ಫರಸಿ ಮ್ಯಾಲ ಡೇಗಿನ ಗುಂಡಗಿನ ಕಲೆ ಅಷ್ಟೇ ಉಳದಿದ್ದವು.
ಮರುದಿನ ನಸುಕಿನ್ಯಾಗ ಮಾವ ನೀರು ಕೇಳಿದ.
ನಾ ತರೋದ್ರೊಳಗ ಹೋಗಿಬಿಟ್ಟ.

ಜಳಕಕ್ಕ ನೀರು ಕಾಸಬೇಕಂದ್ರ
ಎರಡು ಕೊಡ ಹಿಡಿಯೋ ಭಾಂಡೆ ಮನ್ಯಾಗಿಲ್ಲ.
ಊರಿಗೆಲ್ಲಾ ಡೇಗ ಕೊಡೋರು ನಾವು,
ಕುಕ್ಕರಿನ್ಯಾಗ ನಾಕು ಮಂದಿಗಿ ಮಾಡಿಕೊಂಡು ಉಣ್ಣೋರು.
ನನ್ನ ಗಂಡ ಅಳೋದು ಬಿಟ್ಟು ನನ್ನ ಮಾರಿ ನೋಡಿದ.
ಹೆಣದ ಬಾಜೂಕ ಕುಂತು, ಮೊಬೈಲ್ ಬೆಳಕಿನ್ಯಾಗ,
ನಾ ವಹಿ ತೆಗದು ಬಟ್ಟಿಟ್ಟು ಓದಿದೆ:
ಮೂರು, ನಿರ್ಣಾ.
ಏಳು, ಬೇಮಳಖೇಡಾ.
ಎಂಟು, ಒಂಬತ್ತು, ಮನ್ನಾಎಖೇಳ್ಳಿ.
ಹನ್ನೊಂದು, ಗೌಸೋದ್ದೀನ್, ಹಿಂದಿನ ಓಣಿ. ನಿಖಾ ನಿನ್ನಿ.

ಡೇಗ ಇನ್ನಾ ತಿಕ್ಕಿದ್ದಿಲ್ಲ. ಹಂಗೇ ಉರುಳಿಸ್ಕೋತ ತಂದರು.
ಗೌಸೋದ್ದೀನನ ಮನಿ ಹೆಣ್ಮಕ್ಕಳು ಮೂವರು,
ಮೆಹೆಂದಿ ಕೈ, ಜರಿ ದುಪ್ಪಟ್ಟಾ ಸೊಂಟಕ್ಕ ಬಿಗದು,
ನಮ್ಮ ನಳದ ಮುಂದ ಬೂದಿ ಹಾಕಿ ತಿಕ್ಕಿದರು.
ಎಷ್ಟ್ ತಿಕ್ಕಿದ್ರೇನು,
ನೀರು ಕಾಯ್ದಂಗ ಕಾಯ್ದಂಗ
ಲವಂಗ, ಶಾಜೀರಾ, ಕರದ ಉಳ್ಳಾಗಡ್ಡಿ,
ಅಂಗಳ ತುಂಬ ಲಗ್ನದ ವಾಸನಿ ಎದ್ದಿತು.

"ಬ್ಯಾರೇದು ಸಿಗಲಿಲ್ಲೇನು?" ಅಂದರು ಅಯ್ಯನವರು.
"ಬ್ಯಾರೇವು ಬಾಡಿಗಿಗಿ ಹೋಗ್ಯಾವ್ರಿ."
ಯಾರೋ ನಕ್ಕು, ಕೆಮ್ಮಿದಂಗ ಮಾಡಿದರು.
ನಾ ಮಾವನ ಮೂಗು ನೋಡಿದೆ.
ಹತ್ತಿ ಇಟ್ಟಿದ್ದರು.

ಸಂಜಿಕಡಿ ವಹಿಯಾಗ ಬರದೆ:
ನಂ. ೧೧. ಘಾಳೆಪ್ಪ ಮಾಣಿಕಪ್ಪ. ಜಳಕ.
ಬಾಡಿಗಿ ಅಂಬಲ್ಲಿ ಗೆರಿ ಎಳದೆ.
ವಾಪಸ್ ಅಂಬಲ್ಲಿ ಪೆನ್ನು ಇಟ್ಟು, ತೆಗದೆ.

ಐದನೇ ದಿನ ಅಂಗಡಿ ಬಾಗಿಲ ತೆಗದ್ರ
ಬೇಮಳಖೇಡಾದವರು ನಂಬರ್ ಏಳು ಹೊತ್ತು ನಿಂತಿದ್ದರು.
ಒಂದು ಕಿವಿ ಮುರದದ, ಅದರ ಮಾತೇ ಎತ್ತಲೊಲ್ಲರು.
ಬೀಗರು, ಬಿಸಲು, ಬ್ಯಾಂಡಿನವ್ನು ಕುಡದು ಬಂದದ್ದು,
ಎಲ್ಲಾ ಹೇಳಿದರು, ಕಿವಿದೊಂದು ಬಿಟ್ಟು.
ಕಲಾಯಿ ನೋಡಬೇಕಂತ ಬಗ್ಗಿದೆ,
ತಲಿ ಡೇಗಿನೊಳಗ ಹೋಗಿಬಿಟ್ಟಿತು.
"ಬ್ಯಾಳಿ ಹತ್ತಿತ್ತೇನ್ರಿ?" ಅಂದೆ.
ತಾಮ್ರದೊಳಗಿಂದ ನನ್ನ ಧ್ವನಿ
ಮುದುಕನ ಧ್ವನಿಯಾಗಿ ಹೊರಗ ಬಂತು.
ಅವರು ಒಬ್ಬರ ಮಾರಿ ಒಬ್ಬರು ನೋಡಿದರು.

ಕಿವಿ ಮುರದದ್ದಕ್ಕ
ನೂರಾ ಐವತ್ತು ಹಿಡದೆ.