ಹತ್ತನೆಯ ಪ್ರಶ್ನೆ

ಚಾಂಪಿಯನ್ ರೀಫಿನ ಲೈನು ಮನೆಗಳಿಗೆ
ಜನಗಣತಿಗೆಂದು ಹೋಗಿದ್ದೆ, ಎರಡು ಸಾವಿರದ ಹನ್ನೊಂದರ ಫೆಬ್ರವರಿ.
ಮುಳಬಾಗಿಲಿನವಳು ನಾನು, ಕನ್ನಡ ಟೀಚರು,
ಹೆಗಲಿಗೆ ಸರ್ಕಾರದ ಚೀಲ.
ತಲೆ ತಗ್ಗಿಸದೆ ದಾಟಲಾಗದ ಬಾಗಿಲು,
ಹಿತ್ತಿಲಾಚೆ ಸೈನೈಡ್ ದಿಬ್ಬ. ಗಾಳಿ ಎದ್ದರೆ
ಫಾರಂ ಮೇಲೆ ತೆಳ್ಳಗೆ ಬೂದು.

ಹೆಸರು? ಅರೋಕ್ಯದಾಸ್.
ವಯಸ್ಸು? ಅರವತ್ತೆಂಟೋ ಎಪ್ಪತ್ತೋ.
ಟೋಕನ್ ನಂಬರು ಕೇಳು, ತಪ್ಪದೆ ಹೇಳ್ತೀನಿ.
ಹತ್ತನೆಯ ಪ್ರಶ್ನೆ: ಮಾತೃಭಾಷೆ?
ಆತ ಗೋಡೆ ನೋಡಿದ. ಅಲ್ಲಿ ಕೈಕಟ್ಟಿ ನಿಂತ ಹನ್ನೊಂದು ಜನ,
ಅವರ ಕಾಲಬುಡದಲ್ಲಿ ಒಂದು ಹೊಲಿಗೆ ಬಿಟ್ಟ ಚೆಂಡು.
‘ಬ್ಲೂ ಲ್ಯಾಂಪ್ಸ್’ ಅಂದ.
ಭಾಷೆ ಕೇಳಿದ್ದು, ಅಂದೆ.
‘ಅದನ್ನೇ ಹೇಳ್ತಿರೋದು, ಟೀಚರಮ್ಮ.

ಗೋಲಿ ಯಲ್ಲಪ್ಪ ತೆಲುಗಲ್ಲಿ ಬೈಯೋನು,
ಡಿಕ್ರೂಜ್ ಇಂಗ್ಲಿಷಲ್ಲಿ ಸಾರಿ ಕೇಳೋನು.
ನನ್ನದು “ಇಂಗೆ ಪೋಡು”.
ಬೇತಮಂಗಲದ ಕೃಷ್ಣೋಜಿ “ಇತ್ತ ಕೊಡೋ” ಅಂದ್ರೆ
ಕಿವಿಗಿಂತ ಮೊದಲು ಕಾಲು ಕೇಳ್ತಿತ್ತು.’

ನೈಟ್ ಶಿಫ್ಟು ಮುಗಿಸಿ ಕೇಜಿನಲ್ಲಿ ಮೇಲೆ ಬಂದು
ಕಣ್ಣಿಗೆ ಬಿಸಿಲು ಹೊಂದುವ ಮೊದಲೇ
ಬೂಟಿನ ಲೇಸು ಬಿಗಿದವರು.
ಕೆಳಗೆ ಬಂಡೆ ಸಿಡಿದ ವಾರ ಹತ್ತೇ ಜನ ಇಳಿದರಂತೆ,
ಬಲಬದಿ ಖಾಲಿ ಬಿಟ್ಟು.
ಎದುರಿನವರೂ ಆ ಕಡೆ ಚೆಂಡು ಒಯ್ಯಲಿಲ್ಲ,
ಅರ್ಧ ಆಟದವರೆಗೆ.
‘ಆಮೇಲೆ ಒಯ್ದರು. ಆಟ ಆಟವೇ ಅಲ್ಲವಾ?’

ಬೆಂಗಳೂರಲ್ಲಿ ಗ್ಯಾಲರಿ ಕೂಗಿತಂತೆ, ಕೊಂಗರು ಬಂದ್ರು.
ಮದರಾಸಲ್ಲಿ ಕೂಗಿತಂತೆ, ಮೈಸೂರುಕಾರನ್.
ಟ್ರಂಕು ತೆರೆದ. ನುಸಿಗುಳಿಗೆ ವಾಸನೆಯ ಅಂಗಿ,
ಎದೆಯ ಮೇಲೆ ದಾರ ಕಿತ್ತ ಅಕ್ಷರ: ಮೈಸೂರು.
ರಾಜ್ಯ ತಂಡ, ರೈಲಲ್ಲಿ ನಾಲ್ಕು ದಿನದ ದೂರ.

‘ಹನ್ನೊಂದು ನಿಮಿಷ ಆಡಿದ್ದು,’ ಒಲೆ ಮುಂದಿನಿಂದ ಮರಿಯಪುಷ್ಪಂ,
‘ಬಾಕಿ ಹೊತ್ತೆಲ್ಲ ಬೆಂಚು.’

ಆತ ಸಿಟ್ಟಾಗಲಿಲ್ಲ. ‘ಹೌದು, ಹನ್ನೊಂದೇ.
ಅಷ್ಟು ಹೊತ್ತು ಯಾರೂ ಕೇಳಲಿಲ್ಲ
ನೀನು ಯಾವ ಕಡೆಯೋನು ಅಂತ.
ಎದೆ ಮೇಲೇ ಬರೆದಿತ್ತಲ್ಲ.’
ಆ ಹೆಸರಿನ ರಾಜ್ಯ ಈಗಿಲ್ಲ, ಅಂದೆ.
‘ಗಣಿಯೂ ಇಲ್ಲ’ ಅಂದ,
ಅಂಗಿಯನ್ನು ಹಳೆಯ ಮಡಿಕೆಗಳಲ್ಲೇ ಮಡಿಸುತ್ತ.

ತಮಿಳು, ಎಂದು ಬರೆದುಕೊಂಡೆ.
ಹನ್ನೊಂದನೆಯ ಪ್ರಶ್ನೆ: ಬರುವ ಇತರ ಭಾಷೆಗಳು. ಎರಡಕ್ಕೆ ಮಾತ್ರ ಜಾಗ.
ಆತ ಆಗಲೇ ಮೂರನೆಯ ಬೆರಳು ಮಡಿಸಿದ್ದ.

ಹೊರಗೆ ಮೊಮ್ಮಗ,
ಮೈಮೇಲೆ ಯಾವುದೋ ಸಮುದ್ರದಾಚೆಯ ಕ್ಲಬ್ಬಿನ ಕೆಂಪು ಅಂಗಿ,
ತಗಡಿನ ಗೋಡೆಗೆ ಚೆಂಡು ಒದೆಯುತ್ತಿದ್ದ. ಅದು ಪುಟಿದು
ನನ್ನ ಸೀರೆಯ ನೆರಿಗೆಗೆ ಬಂದು ನಿಂತಿತು.
‘ಟೀಚರ್, ಇಂಗೆ! ಇಂಗೆ!’

ಚೀಲ ಕೆಳಗಿಟ್ಟು ಒದ್ದೆ.
ಚೆಂಡಿನ ಹಿಂದೆಯೇ ಚಪ್ಪಲಿಯೂ ಹೋಯಿತು.